ಕಾಚು ಕಾಸಿದ ಜನ: ನಮ್ಮ ನೆರೆಯ ಕಾತಕರಿಗಳು

ಮದುವೆ ಮುಂಜಿಗಳಲ್ಲಿ ಊಟವಾದ ಮೇಲೆ ವೀಳ್ಯದ ತಟ್ಟೆ ಬರುವುದು ನಮ್ಮಲ್ಲಿ ಪದ್ಧತಿ. ಎಲೆ, ಅಡಿಕೆ, ಸುಣ್ಣ. ಬೇಕೆನ್ನುವವರಿಗೆ ಒಂದು ಚೂರು ಕಾಚು. ಅಡಿಕೆ ಶಿರಸಿಯದೋ ಪುತ್ತೂರಿನದೋ ಎಂದು ನಮ್ಮವರು ಚರ್ಚೆ ಮಾಡುವುದುಂಟು. ಕಾಚು ಎಲ್ಲಿಯದೆಂದು ಮಾತ್ರ ಯಾರೂ ಕೇಳುವುದಿಲ್ಲ. ಒಂದು ಕಾಲದಲ್ಲಿ ಅದನ್ನು ಕಾಸುತ್ತಿದ್ದವರು ನಾವು ಈಗ ಮನೆ ಮಾಡಿಕೊಂಡಿರುವ ವಾಶಿಗೆ ಹತ್ತಿರದ ಪನವೇಲ, ಪೇಣ, ಕರ್ಜತ, ಖಾಲಾಪುರಗಳ ಕಾಡಿನ ಜನ. ಮರಾಠಿಯಲ್ಲಿ ಕಾಚಿಗೆ ಕಾತ ಎಂದು ಹೆಸರು. ಅದನ್ನು ಮಾಡುವವರು ಕಾತಕರಿ, ಅಥವಾ ಕಾತೋಡಿ. ಒಂದು ಜನಾಂಗಕ್ಕೆ ಅದರ ಕಸುಬೇ ಹೆಸರಾಯಿತು. ಕಸುಬು ಹೋಯಿತು, ಹೆಸರು ಉಳಿಯಿತು. ಅದು ಹೋದ ಬಗೆ ನಮ್ಮ ದೇಶದ ಚರಿತ್ರೆಯದೇ ಒಂದು ಅಧ್ಯಾಯ.

ಕಾಚು ಖೈರದ ಮರದಿಂದ ಬರುವಂಥದು. ಕನ್ನಡದಲ್ಲಿ ಅದಕ್ಕೆ ಕಗ್ಗಲಿ ಎನ್ನುತ್ತಾರೆ. ಮರದ ಒಳತಿರುಳನ್ನು ಸಣ್ಣಗೆ ಚಕ್ಕೆ ಮಾಡಿ, ನೀರಿನಲ್ಲಿ ಕುದಿಸಿ, ಸೋಸಿ, ಮತ್ತೆ ಗಟ್ಟಿಯಾಗುವ ತನಕ ಕಾಸಿ ಒಣಗಿಸಬೇಕು. ಮಳೆಗಾಲ ಮುಗಿದೊಡನೆ ಕಾತಕರಿ ಕುಟುಂಬಗಳು ಕಾಡು ಸೇರಿ ಒಲೆ ಹೂಡುತ್ತಿದ್ದವು. ಕಾಚನ್ನು ವ್ಯಾಪಾರಿಗಳಿಗೆ ಕೊಟ್ಟು ಅಕ್ಕಿ, ಉಪ್ಪು, ಬಟ್ಟೆ ಪಡೆಯುತ್ತಿದ್ದರು. ಇದರ ಜೊತೆಗೆ ಬೇಟೆ, ಮೀನು, ಜೇನು, ಗೆಡ್ಡೆಗೆಣಸು, ಗುಡ್ಡದ ಓರೆಯಲ್ಲಿ ಒಂದಿಷ್ಟು ರಾಗಿ. ಅವರಿಗೆ ಕಾಡೇ ಹೊಲ, ಕಾಡೇ ಕಣಜ. ಅದು ತಮ್ಮದೆಂದು ಯಾರಿಗೂ ಬರೆದು ತೋರಿಸಬೇಕಾದ ಪ್ರಸಂಗ ಅವರಿಗೆ ಬಂದಿರಲಿಲ್ಲ.

ಆ ಪ್ರಸಂಗ ಬಂದದ್ದು ಬ್ರಿಟಿಷರ ಆಳ್ವಿಕೆಯಲ್ಲಿ. ರೈಲು ದಾರಿಗೆ, ಹಡಗಿಗೆ, ಬೆಳೆಯುತ್ತಿದ್ದ ಮುಂಬಯಿಗೆ ಮರ ಬೇಕಾಗಿತ್ತು. 1865ರಲ್ಲಿ ಮೊದಲ ಅರಣ್ಯ ಕಾಯಿದೆ ಬಂತು. 1878ರ ಕಾಯಿದೆ ಇನ್ನೂ ಬಿಗಿಯಾಯಿತು. ಕಾಡನ್ನು ಮೀಸಲು, ರಕ್ಷಿತ ಎಂದು ವಿಂಗಡಿಸಿ, ಅಲ್ಲಿ ಕೊಡಲಿ ಹಾಕುವುದಕ್ಕೂ ದನ ಮೇಯಿಸುವುದಕ್ಕೂ ಸರಕಾರದ ಅಪ್ಪಣೆ ಬೇಕೆಂದು ವಿಧಿಸಲಾಯಿತು. ತಲೆತಲಾಂತರದಿಂದ ಮಾಡಿದ ಕೆಲಸವೇ ಒಂದು ಬೆಳಗಾಗುವುದರೊಳಗೆ ಅಪರಾಧವಾಯಿತು. ಇದರ ಮೇಲೆ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ. ಕೆಲವು ಜನಾಂಗಗಳು ಹುಟ್ಟಿನಿಂದಲೇ ಕಳ್ಳರೆಂದು ತೀರ್ಮಾನಿಸಿದ ಕಾನೂನು ಅದು. ಕಾತಕರಿಗಳ ಹಣೆಗೂ ಈ ಮುದ್ರೆ ಬಿತ್ತು. ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರಲ್ಲಿ, ಆ ಕಾಯಿದೆ ರದ್ದಾಯಿತು. ಜನರ ಮನಸ್ಸಿನಿಂದ ಅದು ಅಷ್ಟು ಬೇಗ ರದ್ದಾಗಲಿಲ್ಲ.

ಈ ಜನ ಎಲ್ಲವನ್ನೂ ಸುಮ್ಮನೆ ಸಹಿಸಿಕೊಂಡರೆಂದು ತಿಳಿಯಬಾರದು. ವಾಶಿಯಿಂದ ಉರಣದ ಕಡೆಗೆ ಹೋದರೆ ಚಿರನೇರ ಎಂಬ ಹಳ್ಳಿಯಿದೆ. 1930ರ ಸಪ್ಟೆಂಬರ 25ರಂದು ಸುತ್ತಮುತ್ತಲಿನ ಹಳ್ಳಿಗಳ ಆಗ್ರಿ, ಕೋಳಿ, ಕಾತಕರಿ ಜನ ಅಲ್ಲಿನ ಅಕ್ಕಾದೇವಿ ಗುಡ್ಡಕ್ಕೆ ಹೋಗಿ ಅರಣ್ಯ ಕಾಯಿದೆಯನ್ನು ಮುರಿದರು. ಪೋಲೀಸರು ಗುಂಡು ಹಾರಿಸಿದರು. ಎಂಟು ಮಂದಿ ಹುತಾತ್ಮರಾದರು. ಅವರಲ್ಲಿ ಒಬ್ಬ ನಾಗ್ಯಾ ಕಾತಕರಿ, ಇನ್ನೂ ಎಳೆಯ ಹರೆಯದವನು. ಅದೇ ವರ್ಷ ನಮ್ಮ ಉತ್ತರ ಕನ್ನಡದಲ್ಲಿ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಶಿರಸಿ ಸಿದ್ದಾಪುರಗಳ ಅರಣ್ಯ ಸತ್ಯಾಗ್ರಹ ನಡೆದವು. ಆಗ ಕಾರವಾರವೂ ಕೊಲಾಬಾವೂ ಒಂದೇ ಮುಂಬಯಿ ಪ್ರಾಂತದ ಜಿಲ್ಲೆಗಳು. ಮುರಿದದ್ದೂ ಒಂದೇ ಕಾನೂನನ್ನು. ಅಂಕೋಲೆಯ ಹೆಸರನ್ನು ಹೆಮ್ಮೆಯಿಂದ ಹೇಳುವ ನಾವು ಚಿರನೇರದ ಹೆಸರನ್ನೂ ನಮ್ಮ ಮಕ್ಕಳಿಗೆ ಹೇಳಿಕೊಡಬೇಕು. ಇಂದಿಗೂ ಪ್ರತಿವರ್ಷ ಸಪ್ಟೆಂಬರ 25ರಂದು ಅಲ್ಲಿ ಹುತಾತ್ಮರಿಗೆ ವಂದನೆ ಸಲ್ಲುತ್ತದೆ.

ಸ್ವಾತಂತ್ರ್ಯ ಬಂದಿತು, ಕಾಡು ಮರಳಿ ಬರಲಿಲ್ಲ. ಕಾಚಿನ ಒಲೆ ಆರಿದ ಮೇಲೆ ಕಾತಕರಿಗಳು ಇದ್ದಲು ಸುಟ್ಟರು, ಬೇರೆಯವರ ಗದ್ದೆಯಲ್ಲಿ ದುಡಿದರು, ಇಟ್ಟಿಗೆ ಭಟ್ಟಿಗಳಿಗೆ ಹೋದರು. ಭಟ್ಟಿಯ ಲೆಕ್ಕ ಹೀಗೆ: ಮಳೆಗಾಲದಲ್ಲಿ ಮನೆಯಲ್ಲಿ ಕಾಳಿಲ್ಲದಾಗ ಮಾಲೀಕನಿಂದ ಮುಂಗಡ ತೆಗೆದುಕೊಳ್ಳುವುದು, ದೀಪಾವಳಿಯ ನಂತರ ಮಕ್ಕಳುಮರಿಗಳೊಡನೆ ಭಟ್ಟಿಗೆ ಹೋಗಿ, ಮುಂದಿನ ಮಳೆಯ ತನಕ ದುಡಿದು ಅದನ್ನು ತೀರಿಸುವುದು. ಎಷ್ಟೋ ಸಲ ಸಾಲ ತೀರದೆ ಮುಂದಿನ ವರ್ಷಕ್ಕೆ ದಾಟುತ್ತದೆ. ಮಕ್ಕಳ ಶಾಲೆ ಅಲ್ಲಿಗೆ ಮುಗಿಯಿತು. 1976ರಲ್ಲಿ ಜೀತ ಪದ್ಧತಿಯನ್ನು ನಿಷೇಧಿಸುವ ಕಾಯಿದೆ ಬಂದರೂ ಈ ಮುಂಗಡದ ಕುಣಿಕೆ ಪೂರಾ ಬಿಚ್ಚಿಲ್ಲ. ಮುಂಬಯಿ, ಠಾಣೆ, ಕಲ್ಯಾಣಗಳ ಕಟ್ಟಡಗಳ ಎಷ್ಟು ಇಟ್ಟಿಗೆಗಳ ಮೇಲೆ ಇವರ ಕೈಗುರುತು ಇದೆಯೋ ಹೇಳುವವರಾರು? 2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಇವರ ಸಂಖ್ಯೆ ಸುಮಾರು 2.85 ಲಕ್ಷ. ರಾಜ್ಯದ ಅತಿ ದುರ್ಬಲ ಬುಡಕಟ್ಟುಗಳೆಂದು ಕೇಂದ್ರ ಸರಕಾರ ಗುರುತಿಸಿದ ಮೂರರಲ್ಲಿ ಇದು ಒಂದು. ಉಳಿದೆರಡು ಕೋಲಾಮ ಮತ್ತು ಮಾಡಿಯಾ ಗೊಂಡ.

ಇನ್ನು ನಮ್ಮ ನವಿಮುಂಬಯಿಯ ಮಾತಿಗೆ ಬರೋಣ. 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ, ಠಾಣೆ, ಪನವೇಲ, ಉರಣ ತಾಲೂಕುಗಳ 95 ಹಳ್ಳಿಗಳ ಜಮೀನು ಹೊಸ ಪಟ್ಟಣಕ್ಕೆಂದು ಸ್ವಾಧೀನವಾಯಿತು. ಭತ್ತದ ಗದ್ದೆ, ಉಪ್ಪಿನ ಆಗರ, ಖಾಡಿಯ ಮೀನುಗಾರಿಕೆಯನ್ನು ನಂಬಿದ್ದ ಆಗ್ರಿ ಮತ್ತು ಕೋಳಿ ಜನ ನೆಲ ಬಿಟ್ಟುಕೊಡಬೇಕಾಯಿತು. ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ಅವರು ಹೋರಾಡಿದರು. 1984ರ ಜನವರಿ 16 ಮತ್ತು 17ರಂದು ಉರಣ ತಾಲೂಕಿನಲ್ಲಿ ನಡೆದ ಗೋಳಿಬಾರಿನಲ್ಲಿ ಐವರು ಪ್ರಾಣ ತೆತ್ತರು. ಅದರ ಫಲವಾಗಿಯೇ ಸ್ವಾಧೀನವಾದ ಜಮೀನಿನ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಹಿಂದಿರುಗಿಸುವ ಯೋಜನೆ ಜಾರಿಗೆ ಬಂತು. ಸೆಕ್ಟರುಗಳ ನಡುವೆ ಇಂದು ನಾವು ಕಾಣುವ ವಾಶಿಗಾಂವದಂಥ ಊರುಗಳು ಈ ಜನರ ಹಳೆಯ ನೆಲೆಗಳು.

ಒಂದು ಅಂಶವನ್ನು ಗಮನಿಸಬೇಕು. ಆಗ್ರಿ ಕೋಳಿ ರೈತರಿಗೆ ಏನು ದೊರೆಯಿತೋ ಅದು ಅವರ ಹೋರಾಟದಿಂದ ದೊರೆಯಿತು, ಜೊತೆಗೆ ಕೈಯಲ್ಲಿದ್ದ ಕಾಗದದಿಂದ ದೊರೆಯಿತು. ಸಾತ್‌ಬಾರಾ ಉತಾರೆಯಲ್ಲಿ ಹೆಸರಿದ್ದವನು ಪರಿಹಾರ ಕೇಳಬಹುದು. ಕಾತಕರಿಯ ವಾಡಿ ಅನೇಕ ಕಡೆ ಇನ್ನೊಬ್ಬರ ಜಮೀನಿನ ಅಂಚಿನಲ್ಲಿದೆ. ಅಜ್ಜನ ಕಾಲದಲ್ಲಿ ಜಮೀನುದಾರನೇ ಕೆಲಸಕ್ಕೆ ಆಳು ಬೇಕೆಂದು ಕರೆದು ಕೂರಿಸಿದ ಗುಡಿಸಲುಗಳು ಅವು. ಪಟ್ಟಣ ಬೆಳೆದು ನೆಲಕ್ಕೆ ಚಿನ್ನದ ಬೆಲೆ ಬಂದೊಡನೆ ಮೊಮ್ಮಗನು ಬಂಗಲೆ ಕಟ್ಟುವವರಿಗೆ ಜಮೀನು ಮಾರುತ್ತಾನೆ, ಬೇಲಿ ಬೀಳುತ್ತದೆ. ಆಗ ಎದ್ದುಹೋದವರನ್ನು ಸರಕಾರದ ಲೆಕ್ಕದಲ್ಲಿ ನಿರಾಶ್ರಿತರೆಂದು ಕೂಡ ಬರೆಯುವುದಿಲ್ಲ. ಇಲ್ಲದ ಹಕ್ಕು ಹೋಯಿತೆಂದು ಬರೆಯುವುದು ಹೇಗೆ?

ಇದು ಮರಾಠಿ ನಾಡಿನ ಕಥೆ ಮಾತ್ರವೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಕರ್ನಾಟಕದಲ್ಲಿ ಇದೇ ಪಟ್ಟಿಗೆ ಸೇರಿದವರು ಜೇನುಕುರುಬರು ಮತ್ತು ಕೊರಗರು. ನಾಗರಹೊಳೆಯ ಕಾಡು ರಾಷ್ಟ್ರೀಯ ಉದ್ಯಾನವಾಗುವಾಗ ಹೊರಬಿದ್ದ ಎಷ್ಟೋ ಜೇನುಕುರುಬರು ಕೊಡಗಿನ ಕಾಫಿ ತೋಟಗಳ ಲೈನುಮನೆ ಸೇರಿದರು. ಇನ್ನು ಕರಾವಳಿಯಿಂದ ಬಂದ ನಮ್ಮ ಸದಸ್ಯರು ತಮ್ಮ ಊರಿನ ಕೊರಗರನ್ನು ನೆನೆಸಿಕೊಳ್ಳಲಿ. ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ಉಣಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರಕಾರ ಕಾಯಿದೆ ಮಾಡಿದ್ದು 2000ದಲ್ಲಿ. ಅಂದರೆ ಅದು ನಡೆಯುತ್ತಿದ್ದುದು ನಮ್ಮ ನೆನಪಿನ ಕಾಲದಲ್ಲೇ, ನಮ್ಮ ಅಂಗಳಗಳಲ್ಲೇ.

ಲೋಕದ ಮನಸ್ಸು ನಿಧಾನವಾಗಿ ಬದಲಾಗಿದೆ. 2007ರಲ್ಲಿ ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳನ್ನು ಘೋಷಿಸಿತು. ಭಾರತವೂ ಅದರ ಪರವಾಗಿ ಮತ ನೀಡಿತು. ನಮ್ಮ ಸಂಸತ್ತು 2006ರಲ್ಲಿ ಅರಣ್ಯ ಹಕ್ಕು ಕಾಯಿದೆಯನ್ನು ಅಂಗೀಕರಿಸಿ, ಆದಿವಾಸಿಗಳಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಅದರಲ್ಲೇ ಒಪ್ಪಿಕೊಂಡಿತು. 2005ರ ಡಿಸೆಂಬರ 13ಕ್ಕೆ ಮುಂಚಿನಿಂದ ಕಾಡುನೆಲದಲ್ಲಿ ಸಾಗುವಳಿ ಮಾಡುತ್ತಿರುವ ಆದಿವಾಸಿ ಕುಟುಂಬ ನಾಲ್ಕು ಹೆಕ್ಟೇರಿನ ತನಕ ಹಕ್ಕು ಕೇಳಬಹುದು. ಇದಕ್ಕೆ ಊರಿನ ಹಿರಿಯರು ಹೇಳಿ ಬರೆಯಿಸಿದ ಮಾತೂ ಸಾಕ್ಷಿಯಾಗುತ್ತದೆ. ಕಾಗದವಿಲ್ಲದವರ ಬಾಯಿಮಾತಿಗೆ ಕಾನೂನು ಕೊನೆಗೂ ಕಿವಿಗೊಟ್ಟಿತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಅಭಯಾರಣ್ಯದೊಳಗೇ ಸಮುದಾಯದ ಹಕ್ಕು ಪಡೆದರು. ಆದರೆ ಈ ಕಾಯಿದೆ ಕಾಡಿನ ನೆಲಕ್ಕೆ ಮಾತ್ರ. ಖಾಸಗಿ ಜಮೀನಿನ ಅಂಚಿನಲ್ಲಿರುವ ಕಾತಕರಿಯ ಗುಡಿಸಲಿಗೆ ಇದರ ನೆರಳು ತಾಗುವುದಿಲ್ಲ.

ನಾವು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು. ಬಾಡಿಗೆಯ ಖೋಲಿಯಲ್ಲಿದ್ದು, ಕಾಸಿಗೆ ಕಾಸು ಕೂಡಿಸಿ ಮನೆ ಮಾಡಿಕೊಂಡವರು. ಮನೆಯ ಕಾಗದ ಕೈಗೆ ಬಂದ ದಿನ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ ನೆನಪು ನಮ್ಮಲ್ಲಿ ಎಷ್ಟೋ ಮಂದಿಗೆ ಇದ್ದೀತು. ಒಂದು ಕಾಗದದ ಬೆಲೆ ನಮಗೆ ಗೊತ್ತಿದೆ. ಮಳೆಗಾಲದಲ್ಲಿ ಪನವೇಲದ ಪೇಟೆಯಲ್ಲಿ ಕಾಡುಸೊಪ್ಪಿನ ಕಟ್ಟು ಹರಡಿ ಕೂತ ಆದಿವಾಸಿ ಹೆಂಗಸರನ್ನು ನಾವು ನೋಡುತ್ತೇವೆ. ಮುಂದಿನ ಸಲ ಎರಡು ರೂಪಾಯಿಗೆ ಚೌಕಾಶಿ ಮಾಡುವ ಮುನ್ನ, ಬಾಯಿ, ನಿಮ್ಮ ವಾಡಿ ಯಾವುದು ಎಂದು ಕೇಳೋಣ. ಮಕ್ಕಳನ್ನು ಕರ್ನಾಳಾ ಕೋಟೆಗೆ ಕರೆದೊಯ್ಯುವ ದಿನ ಚಿರನೇರಕ್ಕೂ ಹೋಗಿ ನಾಗ್ಯಾ ಕಾತಕರಿಯ ಹೆಸರನ್ನು ಓದಿಸೋಣ. ನಮಗೆ ನೆಲೆ ಕೊಟ್ಟ ನೆಲದ ಹಳೆಯ ಮಕ್ಕಳ ಪರಿಚಯವಾದರೂ ನಮಗಿರಬೇಕು.