ಬೆರಳಚ್ಚು ಅಳಿಸದ ನಗೆ: ಮಣ್ಣಿನ ಬೊಂಬೆಗಳ ಹಾಸ್ಯಚಿತ್ರ ಲೋಕ

ಮೇಜಿನ ಮೇಲೊಂದು ಪುಟ್ಟ ನಾಯಿಬೊಂಬೆ. ಕಲಾವಿದ ಅದರ ಹುಬ್ಬನ್ನು ಕೂದಲೆಳೆಯಷ್ಟು ಮೇಲಕ್ಕೆ ಒತ್ತಿ ಹಿಂದೆ ಸರಿಯುತ್ತಾನೆ. ಕ್ಯಾಮೆರಾ ಒಂದು ಚಿತ್ರ ತೆಗೆಯುತ್ತದೆ. ಮತ್ತೆ ಹುಬ್ಬು, ಮತ್ತೊಂದು ಚಿತ್ರ. ಇಡೀ ದಿನ ಹೀಗೆ ದುಡಿದರೂ ದಕ್ಕುವುದು ಕೆಲವೇ ಸೆಕೆಂಡುಗಳ ದೃಶ್ಯ. ತೆರೆಯ ಮೇಲೆ ನಮ್ಮನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುವ ಕ್ಲೇ ಆನಿಮೇಷನ್ ಚಿತ್ರಗಳ ಹಿಂದಿರುವುದು ಇಂತಹ ತಾಳ್ಮೆ.

ತಂತ್ರ ಹೇಗೆ?

ಸಿನಿಮಾದ ಒಂದು ಸೆಕೆಂಡಿನಲ್ಲಿ 24 ಚೌಕಟ್ಟುಗಳಿರುತ್ತವೆ. ಪ್ರತಿ ಭಂಗಿಯನ್ನು ಎರಡು ಚೌಕಟ್ಟುಗಳಿಗೆ ಬಳಸಿದರೂ ಸೆಕೆಂಡಿಗೆ 12 ಭಂಗಿಗಳು ಬೇಕು. ಕುಂಬಾರನ ಜೇಡಿಮಣ್ಣು ಒಣಗಿ ಬಿರುಕು ಬಿಡುವುದರಿಂದ ಇಲ್ಲಿ ನಿರುಪಯೋಗಿ. ಬಳಕೆಯಾಗುವುದು ಜಿಡ್ಡಿನಂಶ ಬೆರೆತ, ಒಣಗದ ಪ್ಲಾಸ್ಟಿಸಿನ್ ಬಗೆಯ ಮಣ್ಣು. ಇಂಗ್ಲೆಂಡಿನ ಬಾತ್ ನಗರದ ಕಲಾಶಿಕ್ಷಕ ವಿಲಿಯಂ ಹಾರ್ಬಟ್ 1897ರಲ್ಲಿ ಇದನ್ನು ರೂಪಿಸಿದರು. ಬೊಂಬೆಯೊಳಗೆ ಲೋಹದ ಅಸ್ಥಿಪಂಜರವಿರುತ್ತದೆ. ಮಾತಿನ ಒಂದೊಂದು ಧ್ವನಿಗೂ ಬೇರೆ ಬೇರೆ ಬಾಯಿಗಳನ್ನು ಮೊದಲೇ ಮಾಡಿಟ್ಟುಕೊಂಡು ಬದಲಿಸಲಾಗುತ್ತದೆ.

ಬ್ರಿಸ್ಟಲ್‌ನ ಕೊಡುಗೆ

ಈ ಕಲೆಗೆ ಜಗತ್ಪ್ರಸಿದ್ಧಿ ತಂದುಕೊಟ್ಟದ್ದು ಬ್ರಿಸ್ಟಲ್‌ನ ಆರ್ಡ್‌ಮನ್ ಸಂಸ್ಥೆ. ಪೀಟರ್ ಲಾರ್ಡ್ ಮತ್ತು ಡೇವಿಡ್ ಸ್ಪ್ರಾಕ್ಸ್‌ಟನ್ 1972ರಲ್ಲಿ ಇದನ್ನು ಆರಂಭಿಸಿದರು. 1977ರಲ್ಲಿ ಬಿಬಿಸಿಯ ಮಕ್ಕಳ ಕಾರ್ಯಕ್ರಮಕ್ಕಾಗಿ ಅವರು ರೂಪಿಸಿದ 'ಮಾರ್ಫ್' ಬೊಂಬೆ ಮನೆಮಾತಾಯಿತು.

ನಿಕ್ ಪಾರ್ಕ್ ಎಂಬ ವಿದ್ಯಾರ್ಥಿ 1982ರಲ್ಲಿ ಆರಂಭಿಸಿದ 'ಎ ಗ್ರ್ಯಾಂಡ್ ಡೇ ಔಟ್' ಮುಗಿದದ್ದು 1989ರಲ್ಲಿ, ಅವರು ಆರ್ಡ್‌ಮನ್ ಸೇರಿದ ನಂತರ. ಅದೇ ವರ್ಷ ಅವರ 'ಕ್ರೀಚರ್ ಕಂಫರ್ಟ್ಸ್' ಸಹ ಸಿದ್ಧವಾಯಿತು. ಜನಸಾಮಾನ್ಯರ ಧ್ವನಿಮುದ್ರಿತ ಮಾತುಗಳನ್ನು ಮೃಗಾಲಯದ ಪ್ರಾಣಿಗಳ ಬಾಯಿಗೆ ಕೂರಿಸಿದ ಕಿರುಚಿತ್ರವಿದು. 1991ರ ಆಸ್ಕರ್ ಸ್ಪರ್ಧೆಯಲ್ಲಿ ಎರಡೂ ಚಿತ್ರಗಳಿದ್ದವು. ಪಾರ್ಕ್ ತಮ್ಮ ಚಿತ್ರವನ್ನು ತಮ್ಮದೇ ಚಿತ್ರದಿಂದ ಸೋಲಿಸಿ ಪ್ರಶಸ್ತಿ ಗೆದ್ದರು!

ಮಾತಿಲ್ಲದ ನಾಯಕ

ಚೀಸ್ ಪ್ರಿಯನಾದ ಸಂಶೋಧಕ ವ್ಯಾಲೇಸ್ ಮತ್ತು ಅವನ ಜಾಣ ನಾಯಿ ಗ್ರಾಮಿಟ್ ಪಾರ್ಕ್ ಅವರ ಅಮರ ಸೃಷ್ಟಿಗಳು. ಗ್ರಾಮಿಟ್ ಮಾತನಾಡಬೇಕೆಂಬುದು ಮೊದಲಿನ ಯೋಜನೆಯಾಗಿತ್ತು. ಆದರೆ ಹುಬ್ಬೊಂದನ್ನು ಕದಲಿಸಿದರೆ ಸಾಕು, ಬೇಸರ, ಅನುಮಾನ, ಸಹನೆ ಎಲ್ಲವೂ ವ್ಯಕ್ತವಾಗುತ್ತವೆ ಎಂಬುದು ಅರಿವಾದಾಗ ಬಾಯಿಯನ್ನೇ ಕೈಬಿಡಲಾಯಿತು. 'ದಿ ರಾಂಗ್ ಟ್ರೌಸರ್ಸ್' (1993) ಚಿತ್ರದ ಖಳನಾಯಕನಾದ ಪೆಂಗ್ವಿನ್‌ನ ಮುಖದಲ್ಲಿ ಯಾವ ಭಾವವೂ ಇಲ್ಲ. ತಲೆಗೆ ಕೆಂಪು ರಬ್ಬರ್ ಕೈಗವಸು ಧರಿಸಿದೊಡನೆ ಅದು ಕೋಳಿಯಾಗಿಬಿಡುತ್ತದೆ, ನೋಡಿದವರೆಲ್ಲ ನಂಬುತ್ತಾರೆ! ಓಡುವ ಆಟಿಕೆ ರೈಲಿನ ಮುಂದೆ ಗ್ರಾಮಿಟ್ ಹಳಿ ಜೋಡಿಸುತ್ತಲೇ ಸಾಗುವ ದೃಶ್ಯಕ್ಕೆ ಭಾಷಾಂತರದ ಹಂಗಿಲ್ಲ. ಅದಕ್ಕೂ 'ಎ ಕ್ಲೋಸ್ ಶೇವ್' (1995) ಚಿತ್ರಕ್ಕೂ ಆಸ್ಕರ್ ಸಂದಿತು. 2000ದಲ್ಲಿ ಬಂದ 'ಚಿಕನ್ ರನ್' ಸಂಸ್ಥೆಯ ಮೊದಲ ಪೂರ್ಣಪ್ರಮಾಣದ ಚಿತ್ರ.

ಬೆಂಕಿ ಮತ್ತು ಮಣ್ಣಿನ ಚಿಂತೆ

2005ರ ಅಕ್ಟೋಬರ್ 10ರಂದು ಬ್ರಿಸ್ಟಲ್‌ನ ಉಗ್ರಾಣಕ್ಕೆ ಬೆಂಕಿ ಬಿದ್ದು, ಹಳೆಯ ಚಿತ್ರಗಳ ಸೆಟ್ಟುಗಳು, ಬೊಂಬೆಗಳು ಭಸ್ಮವಾದವು. ಅದೇ ವಾರಾಂತ್ಯ ಅವರ 'ದಿ ಕರ್ಸ್ ಆಫ್ ದ ವೇರ್-ರ‍್ಯಾಬಿಟ್' ಅಮೆರಿಕದ ಗಳಿಕೆಯಲ್ಲಿ ಮೊದಲ ಸ್ಥಾನದಲ್ಲಿತ್ತು. ಎರಡು ದಿನ ಹಿಂದಷ್ಟೇ ಕಾಶ್ಮೀರದಲ್ಲಿ ಭೀಕರ ಭೂಕಂಪ ಸಂಭವಿಸಿತ್ತು. ಇತರ ದುರಂತಗಳ ಮುಂದೆ ತಮ್ಮ ನಷ್ಟ ದೊಡ್ಡದಲ್ಲವೆಂದು ಪಾರ್ಕ್ ಹೇಳಿದರು. ಆ ಚಿತ್ರಕ್ಕೆ 2006ರಲ್ಲಿ ಆಸ್ಕರ್ ಬಂತು.

ಅದೇ ವರ್ಷದ 'ಫ್ಲಷ್ಡ್ ಅವೇ' ಚಿತ್ರದಲ್ಲಿ ನೀರಿನ ದೃಶ್ಯಗಳೇ ಹೆಚ್ಚು. ನೀರು ಮಣ್ಣಿನ ಬೊಂಬೆಗೆ ಶತ್ರು. ಹಾಗಾಗಿ ಅದನ್ನು ಕಂಪ್ಯೂಟರ್‌ನಲ್ಲಿ ತಯಾರಿಸಲಾಯಿತು. 2023ರಲ್ಲಿ ಆರ್ಡ್‌ಮನ್‌ಗೆ ಮಣ್ಣು ಪೂರೈಸುತ್ತಿದ್ದ ಕಾರ್ಖಾನೆ ಮುಚ್ಚಿದಾಗ ಅಭಿಮಾನಿಗಳು ಕಳವಳಗೊಂಡರು. ಸಾಕಷ್ಟು ದಾಸ್ತಾನಿದೆ ಎಂದು ಸಂಸ್ಥೆ ಭರವಸೆ ನೀಡಬೇಕಾಯಿತು. 2024ರ ಕ್ರಿಸ್‌ಮಸ್ ದಿನ ಬಿಬಿಸಿಯಲ್ಲಿ ಪ್ರಸಾರವಾದ 'ವೆಂಜೆನ್ಸ್ ಮೋಸ್ಟ್ ಫೌಲ್' ಮೂಲಕ ಆ ಪೆಂಗ್ವಿನ್ ಮರಳಿ ಬಂದಿತು.

ಕಂಪ್ಯೂಟರ್ ಎಲ್ಲವನ್ನೂ ನುಣುಪಾಗಿ ತೋರಿಸಬಲ್ಲ ಕಾಲವಿದು. ಆದರೂ ಆರ್ಡ್‌ಮನ್ ಕಲಾವಿದರು ಬೊಂಬೆಯ ಮೇಲೆ ಮೂಡುವ ಬೆರಳಚ್ಚುಗಳನ್ನು ಪೂರ್ತಿ ಒರೆಸಿಹಾಕುವುದಿಲ್ಲ. ಮುಂದಿನ ಬಾರಿ ಗ್ರಾಮಿಟ್ ಹುಬ್ಬು ಗಂಟಿಕ್ಕಿದಾಗ ಅದರ ಹಣೆಯನ್ನು ಸೂಕ್ಷ್ಮವಾಗಿ ಗಮನಿಸಿ: ಯಾರದೋ ಹೆಬ್ಬೆರಳಿನ ಗುರುತು ಅಲ್ಲಿರುತ್ತದೆ.