ಸಾಸವಡದ ನೆರೆಯಲ್ಲಿ ಚಿಕೂನ್‌ಗುನ್ಯಾ: ಹೋದರೂ ಹೋಗದ ಒಂದು ಬೇನೆಯ ಇತಿಹಾಸ

ಪುಣೆಯಿಂದ ದಿವೇಘಾಟವನ್ನೇರಿ ಆಗ್ನೇಯ ದಿಕ್ಕಿಗೆ ಸಾಗಿದರೆ ಸುಮಾರು ೩೦ ಕಿಲೋಮೀಟರು ದೂರದಲ್ಲಿ, ಕರ್ಹಾ ನದಿಯ ದಂಡೆಯ ಮೇಲೆ ಸಾಸವಡವು ಸಿಗುತ್ತದೆ. ಪುರಂದರ ತಾಲೂಕಿನ ಕೇಂದ್ರಸ್ಥಳವಾದ ಈ ಊರು ಜ್ಞಾನೇಶ್ವರನ ತಮ್ಮನಾದ ಸೋಪಾನದೇವನ ಸಮಾಧಿಯಿಂದ ವಾರಕರಿಗಳಿಗೂ, ಪೇಶವೆ ಮನೆತನದ ಆರಂಭದ ದಿನಗಳಿಂದ ಇತಿಹಾಸಜ್ಞರಿಗೂ ಪರಿಚಿತವಾಗಿದೆ. ಅದೇ ತಾಲೂಕಿನ ಜೇಜುರಿಯಂತೂ ಕನ್ನಡಿಗರಿಗೆ ಪರಸ್ಥಳವಲ್ಲ. ಅಲ್ಲಿಯ ಖಂಡೋಬನನ್ನು ಕನ್ನಡ ನಾಡಿನ ಭಕ್ತರು ಮೈಲಾರನೆಂದೇ ಪೂಜಿಸುತ್ತ ಬಂದಿದ್ದಾರೆ. ಈ ಭಾಗದ ಬೆಲಸರವೆಂಬ ಹಳ್ಳಿಯ ಹೆಸರು, ೧೬೪೮ರ ಸುಮಾರಿಗೆ ಬಿಜಾಪುರದ ಸೇನಾನಿ ಫತೇಖಾನನು ಶಿವಾಜಿಯ ಮೇಲೆ ದಂಡೆತ್ತಿ ಬಂದು ಅಲ್ಲಿ ಬೀಡುಬಿಟ್ಟಾಗ ಬಖರುಗಳ ಪುಟಗಳನ್ನು ಸೇರಿತು. ೨೦೨೧ರ ಜುಲೈ ತಿಂಗಳಲ್ಲಿ ಅದು ಮತ್ತೊಮ್ಮೆ ಎಲ್ಲರ ಬಾಯಲ್ಲಿಯೂ ಕೇಳಿಬಂದಿತು. ಈ ಸಲ ಬಂದುದು ದಂಡಲ್ಲ, ಜ್ವರ.

ಆ ತಿಂಗಳ ಮೊದಲ ದಿನಗಳಿಂದಲೇ ಬೆಲಸರದಲ್ಲಿ ಜ್ವರಪೀಡಿತರು ಹೆಚ್ಚತೊಡಗಿದರು. ಐವರ ರಕ್ತವನ್ನು ಪುಣೆಯ ರಾಷ್ಟ್ರೀಯ ವಿಷಾಣು ಸಂಸ್ಥೆಗೆ ಕಳಿಸಲಾಗಿ, ಮೂವರಲ್ಲಿ ಚಿಕೂನ್‌ಗುನ್ಯಾ ಕಂಡುಬಂದಿತು. ಜುಲೈ ೨೭ರಿಂದ ೨೯ರವರೆಗೆ ಸಂಸ್ಥೆಯ ತಜ್ಞರು ತಾವೇ ಬೆಲಸರಕ್ಕೂ ಪರಿಂಚೆಗೂ ಬಂದು ಮತ್ತೆ ೪೧ ಜನರ ರಕ್ತವನ್ನು ಸಂಗ್ರಹಿಸಿದರು. ಅವರಲ್ಲಿ ೨೫ ಮಂದಿಗೆ ಚಿಕೂನ್‌ಗುನ್ಯಾ, ಮೂವರಿಗೆ ಡೆಂಗೂ, ಒಬ್ಬ ಮಹಿಳೆಗೆ ಝೀಕಾ ತಗಲಿದ್ದುದು ಗೊತ್ತಾಯಿತು. ಮಹಾರಾಷ್ಟ್ರದಲ್ಲಿ ಪತ್ತೆಯಾದ ಮೊದಲ ಝೀಕಾ ಇದೇ. ಸಹಜವಾಗಿಯೇ ದೇಶದ ಪತ್ರಿಕೆಗಳೆಲ್ಲ ಈ ಒಂದನ್ನು ಹಿಡಿದುಕೊಂಡವು. ಉಳಿದ ೨೫ನ್ನು ವಾಕ್ಯದ ಕೊನೆಗೆ ತಳ್ಳಿದವು. ಆ ಮಹಿಳೆ ಗುಣಮುಖಳಾದಳು. ಆದರೆ ಚಿಕೂನ್‌ಗುನ್ಯಾದ ವಿಷಯದಲ್ಲಿ ಗುಣವೆಂದರೇನು ಎಂಬುದೇ ವೈದ್ಯಶಾಸ್ತ್ರದ ಇತಿಹಾಸದಲ್ಲಿ ಬಹುಕಾಲ ನಿರ್ಣಯವಾಗದ ಪ್ರಶ್ನೆ. ಈ ಬೇನೆಯು ನಾಡಿನಿಂದ ತೊಲಗಿತೆಂದು ಒಮ್ಮೆ ನಂಬಲಾಯಿತು. ರೋಗಿಯ ದೇಹದಿಂದ ತೊಲಗಿತೆಂದು ಪ್ರತಿಸಲವೂ ನಂಬಲಾಗುತ್ತಿದೆ. ಎರಡು ನಂಬಿಕೆಗಳಿಗೂ ಆಧಾರ ಒಂದೇ: ಜ್ವರವನ್ನು ಎಣಿಸುವುದು, ಜ್ವರ ಇಳಿದ ಮೇಲೆ ಲೆಕ್ಕವನ್ನು ಮುಚ್ಚುವುದು.

ರಕ್ತವನ್ನು ಇತಿಹಾಸದ ಸಾಧನವಾಗಿ ಓದುವ ಕ್ರಮ ಪುಣೆಗೆ ಹೊಸದಲ್ಲ. ರಾಕ್‌ಫೆಲರ್ ಪ್ರತಿಷ್ಠಾನ ಹಾಗೂ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಸಹಕಾರದಿಂದ ೧೯೫೨ರಲ್ಲಿ ಅಲ್ಲಿ ವಿಷಾಣು ಸಂಶೋಧನ ಕೇಂದ್ರವು ಸ್ಥಾಪಿತವಾಯಿತು. ಅದೇ ೧೯೭೮ರಲ್ಲಿ ರಾಷ್ಟ್ರೀಯ ಸಂಸ್ಥೆಯಾಯಿತು. ಕೇಂದ್ರದ ಆರಂಭದ ಕಾರ್ಯಗಳಲ್ಲಿ ಒಂದೆಂದರೆ ಭಾರತದ ನಿವಾಸಿಗಳ ರಕ್ತದಲ್ಲಿ ಯಾವ ಯಾವ ವಿಷಾಣುಗಳಿಗೆ ಪ್ರತಿಕಾಯಗಳಿವೆ ಎಂದು ಶೋಧಿಸುವುದು. ಸ್ಮಿತ್‌ಬರ್ನ್, ಕೆರ್ ಮತ್ತು ಗತ್ನೆ ಇವರು ೧೯೫೪ರಲ್ಲಿ ಪ್ರಕಟಿಸಿದ ಆ ಲೇಖನದಲ್ಲಿ ಝೀಕಾದ ಪ್ರತಿಕಾಯ ೧೯೬ ಜನರಲ್ಲಿ ೩೩ ಮಂದಿಗೆ ಇದ್ದುದಾಗಿ ಹೇಳಿದೆ. ಒಂದು ವಿಷಾಣುವಿನ ಪ್ರತಿಕಾಯವು ಅದರ ಬಳಗದ ಇನ್ನೊಂದನ್ನೂ ತಡೆಯಬಲ್ಲುದಾದುದರಿಂದ ಈ ಅಂಕಿಯನ್ನು ಹಾಗೆಯೇ ಒಪ್ಪಲಾಗದು. ಸವೆದ ಅಕ್ಷರದ ಶಾಸನವನ್ನು ಓದುವವರಿಗೆ ಈ ಕಷ್ಟ ಹೊಸದೇನೂ ಅಲ್ಲ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಜನರಿಗೂ ಜ್ವರ ಹಬ್ಬಿದಾಗ, ಅದರ ಮೂಲವನ್ನು ಕಂಡುಹಿಡಿದವರೂ ಇದೇ ಕೇಂದ್ರದವರು. ಕನ್ನಡ ನಾಡಿಗೂ ಈ ಪ್ರಯೋಗಶಾಲೆಗೂ ಅಂದಿನಿಂದಲೂ ರಕ್ತಸಂಬಂಧವೆಂದರೆ ಅತಿಶಯೋಕ್ತಿಯಾಗದು.

ಚಿಕೂನ್‌ಗುನ್ಯಾ ಎಂಬುದು ಪೂರ್ವ ಆಫ್ರಿಕೆಯ ಮಕೊಂಡೆ ಜನರ ಮಾತು. ಬಾಗಿಸುವಂಥದು, ಮುರುಟಿಸುವಂಥದು ಎಂದು ಅರ್ಥ. ೧೯೫೨-೫೩ರಲ್ಲಿ ಟಾಂಗಾನಿಕದ ಮಕೊಂಡೆ ಪ್ರಸ್ಥಭೂಮಿಯಲ್ಲಿ ಹಬ್ಬಿದ ಜ್ವರವನ್ನು ರಾಬಿನ್‌ಸನ್ ಮತ್ತು ಲಮ್ಸ್‌ಡೆನ್ ೧೯೫೫ರಲ್ಲಿ ವರ್ಣಿಸಿದರು. ಹೆಸರು ಕೊಟ್ಟವರು ಜ್ವರವನ್ನು ನೋಡಿ ಕೊಡಲಿಲ್ಲ, ಬಾಗಿದ ಮೈಯನ್ನು ನೋಡಿ ಕೊಟ್ಟರು ಎಂಬುದು ಗಮನಾರ್ಹ. ವೈದ್ಯರಿಗಿಂತ ಹಳ್ಳಿಗರು ಈ ವಿಷಯದಲ್ಲಿ ಹೆಚ್ಚು ಸರಿಯಾಗಿ ನೋಡಿದ್ದರು. ೨೦೦೬ರಲ್ಲಿ ಕನ್ನಡ ನಾಡಿನ ಹಲವೆಡೆ ಜನರು ಈ ಹೆಸರಿನಲ್ಲಿ ಕೋಳಿಯನ್ನು ಕಂಡು ಕೋಳಿಮಾಂಸವನ್ನು ಬಿಟ್ಟದ್ದುಂಟು. ಪರಭಾಷೆಯ ಶಬ್ದವೊಂದು ಊಟದ ಎಲೆಯವರೆಗೂ ಬಂದ ಬಗೆಯಿದು.

ಹೆಸರು ಹೊಸದಾದರೂ ಬೇನೆ ಹಳೆಯದಿರಬಹುದು. ೧೮೨೪-೨೫ರಲ್ಲಿ ಕಲಕತ್ತೆಯಲ್ಲಿಯೂ, ೧೮೭೦ರ ದಶಕದ ಮೊದಲಲ್ಲಿ ಜಂಜಿಬಾರದಿಂದ ಭಾರತದವರೆಗೂ ಹಬ್ಬಿದ ಜ್ವರಗಳನ್ನು ಅಂದಿನವರು ಡೆಂಗೂ ಎಂದು ಕರೆದರು. ಆದರೆ ಆ ವರ್ಣನೆಗಳಲ್ಲಿ ಜ್ವರ ಬಿಟ್ಟ ಮೇಲೆಯೂ ಬಿಡದ ಕೀಲುನೋವಿನ ಮಾತು ಬರುತ್ತದೆ. ವೆಲ್ಲೂರಿನಲ್ಲಿ ೧೯೬೪ರ ಚಿಕೂನ್‌ಗುನ್ಯಾವನ್ನು ಕಣ್ಣಾರೆ ಕಂಡಿದ್ದ ಡೊನಾಲ್ಡ್ ಕೇರಿ ಎಂಬ ವಿದ್ವಾಂಸನು, ಹಳೆಯ ‘ಡೆಂಗೂ’ಗಳಲ್ಲಿ ಕೆಲವು ವಾಸ್ತವವಾಗಿ ಚಿಕೂನ್‌ಗುನ್ಯಾ ಆಗಿದ್ದವೆಂದು ೧೯೭೧ರಲ್ಲಿ ವಾದಿಸಿದನು. ವಾದಕ್ಕೆ ರಕ್ತದ ಸಾಕ್ಷ್ಯವಿಲ್ಲ. ಆದರೂ ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಭಾರತದಲ್ಲಿ ವಿಷಾಣುವನ್ನೇ ಹಿಡಿದು ತೋರಿಸಿದುದು ೧೯೬೩ರ ಕಲಕತ್ತೆಯ ಪಿಡುಗಿನಲ್ಲಿ. ಮುಂದೆ ಮದರಾಸು, ವೆಲ್ಲೂರು, ನಾಗಪುರಗಳ ಸರದಿ ಬಂದಿತು. ೧೯೭೩ರಲ್ಲಿ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ನೂರಕ್ಕೆ ೩೭.೫ರಷ್ಟು ಜನರು ಹಾಸಿಗೆ ಹಿಡಿದರೆಂದು ಪಡುಬಿದ್ರಿ ಹಾಗೂ ಜ್ಞಾನೇಶ್ವರ ಇವರ ವರದಿಯಿಂದ ತಿಳಿಯುತ್ತದೆ. ಆ ಬಳಿಕ ದೀರ್ಘ ಮೌನ. ಅಂದು ಪುಣೆಯ ಸಂಸ್ಥೆಯ ನಿರ್ದೇಶಕಿಯಾಗಿದ್ದ ಖೋರ್ಶೆದ್ ಪಾವ್ರಿಯವರು ೧೯೮೬ರಲ್ಲಿ ಭಾರತ ಮತ್ತು ಆಗ್ನೇಯ ಏಷ್ಯದಿಂದ ಈ ವಿಷಾಣು ಕಣ್ಮರೆಯಾದುದನ್ನು ಕುರಿತೇ ಬರೆದರು. ಅಂದಿನ ಸಾಧನಗಳ ಮಟ್ಟಿಗೆ ಅದು ನ್ಯಾಯವಾದ ಮಾತೇ.

ಆದರೆ ೨೦೦೦ದಲ್ಲಿ ಪುಣೆ ಜಿಲ್ಲೆಯ ಯವತದಲ್ಲಿ ಹಿಡಿದ ಈಡಿಸ್ ಸೊಳ್ಳೆಗಳಿಂದ ಚಿಕೂನ್‌ಗುನ್ಯಾ ವಿಷಾಣು ದೊರೆಯಿತು. ಯವತವು ಸಾಸವಡಕ್ಕೆ ದೂರದ ಊರಲ್ಲ. ನಡುವೆ ಭುಲೇಶ್ವರದ ಗುಡ್ಡಗಳಿವೆ, ಅಷ್ಟೆ. ಐದು ವರ್ಷಗಳ ಅನಂತರ ಆಂಧ್ರ, ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಪಿಡುಗೆದ್ದಾಗ, ಅದರ ವಿಷಾಣುವು ೧೯೬೩-೭೩ರ ಏಷ್ಯದ ಕುಲದ್ದಲ್ಲ, ಆಫ್ರಿಕದ ಕುಲದ್ದೆಂದೂ, ಯವತದ್ದು ಆ ಆಫ್ರಿಕದ ಕುಲಕ್ಕೇ ಸೇರಿದ್ದೆಂದೂ ಯೆರಗೋಳಕರ ಮತ್ತು ಅವರ ಸಂಗಡಿಗರು ೨೦೦೬ರಲ್ಲಿ ತೋರಿಸಿದರು. ಎಂದರೆ ಹೊಸ ಅತಿಥಿಯು ಯಾರಿಗೂ ಸುಳಿವು ಕೊಡದೆ ಪಿಡುಗಿಗಿಂತ ಐದಾರು ವರ್ಷ ಮೊದಲೇ ದಖನ್ನಿಗೆ ಬಂದಿದ್ದನು. ಮಳೆ ಕಡಿಮೆಯಾದ ಪುರಂದರದಂಥ ತಾಲೂಕುಗಳಲ್ಲಿ ಮನೆಮನೆಯಲ್ಲಿಯೂ ನೀರನ್ನು ತೊಟ್ಟಿ, ಪೀಪಾಯಿಗಳಲ್ಲಿ ತುಂಬಿಡುವುದು ಅನಿವಾರ್ಯ. ಈಡಿಸ್ ಮೊಟ್ಟೆಯಿಡುವುದು ಅಲ್ಲಿಯೇ.

೨೦೦೬ರಲ್ಲಿ ಭಾರತದಲ್ಲಿ ಸುಮಾರು ೧೩.೯ ಲಕ್ಷ ಶಂಕಿತ ರೋಗಿಗಳು ದಾಖಲಾದರು. ಅವರಲ್ಲಿ ೭,೫೨,೨೪೫ ಮಂದಿ ಕರ್ನಾಟಕದವರು, ಅರ್ಧಕ್ಕಿಂತ ಹೆಚ್ಚು. ಮಹಾರಾಷ್ಟ್ರದವರು ೨,೫೮,೯೯೮. ಇವು ಜ್ವರದ ಸಂಖ್ಯೆಗಳು. ಮೂರು ತಿಂಗಳ ಮೇಲೆಯೂ ಬೆಳಗ್ಗೆ ಮುಷ್ಟಿ ಕಟ್ಟಲಾರದ ನೇಕಾರ, ಕುಕ್ಕುರುಗಾಲಲ್ಲಿ ಕೂತು ಕಳೆ ಕೀಳಲಾರದ ಕೂಲಿ ಹೆಂಗಸು, ಬೀಸುವ ಕಲ್ಲಿನ ಗೂಟ ಹಿಡಿಯಲಾರದ ಮುದುಕಿ, ಇವರಿಗೆ ಆ ಪಟ್ಟಿಯಲ್ಲಿ ಕಲಮಿಲ್ಲ. ದಕ್ಷಿಣ ಆಫ್ರಿಕೆಯಲ್ಲಿ ೧೦೭ ರೋಗಿಗಳನ್ನು ಮೂರು ವರ್ಷಗಳಿಗೂ ಮೀರಿದ ಬಳಿಕ ವಿಚಾರಿಸಿ ನೋಡಿದ ವರದಿಯೊಂದು ೧೯೮೩ರಲ್ಲಿಯೇ ಪ್ರಕಟವಾಗಿತ್ತು. ಅವರಲ್ಲಿ ನೂರಕ್ಕೆ ೧೨ರಷ್ಟು ಮಂದಿಗೆ ಕೀಲುಬಾಧೆ ಉಳಿದಿತ್ತು. ಈ ವರದಿ ಭಾರತದ ಲೆಕ್ಕಪತ್ರಗಳ ರೀತಿಯನ್ನು ಬದಲಿಸಲಿಲ್ಲ.

ವಿಷಾಣುವು ರಕ್ತದಲ್ಲಿ ಒಂದು ವಾರದ ಮಟ್ಟಿಗೆ ಮಾತ್ರ ಇರುವಾಗ ನೋವು ವರ್ಷಗಟ್ಟಲೆ ಉಳಿಯುವುದೇಕೆ? ಉತ್ತರಕ್ಕಾಗಿ ದೇಹದ ರಕ್ಷಣಕಣಗಳ ವ್ಯವಹಾರವನ್ನು ನೋಡಬೇಕಾಗುತ್ತದೆ. ಸೊಳ್ಳೆ ಕಚ್ಚಿದ ಕೆಲವು ದಿನಗಳಲ್ಲಿ ವಿಷಾಣು ಅಪಾರವಾಗಿ ಬೆಳೆಯುತ್ತದೆ. ಆಗ ಮೊದಲು ಎದ್ದುನಿಲ್ಲುವವು ಇಂಟರ್‌ಫೆರಾನ್ ಎಂಬ ರಸ ಮತ್ತು ಸಹಜ ಸಂಹಾರಕ ಕಣಗಳು. ವಾರ ತುಂಬುವಷ್ಟರಲ್ಲಿ ಪ್ರತಿಕಾಯಗಳು ಹುಟ್ಟಿ ರಕ್ತವನ್ನು ಶುದ್ಧಗೊಳಿಸುತ್ತವೆ. ಟಿ ಕಣಗಳು ಎರಡು ತೆರನಾದವು: ವಿಷಾಣು ಹೊಕ್ಕ ಕಣವನ್ನು ನೇರವಾಗಿ ಕೊಲ್ಲುವ ಸಿಡಿ೮ ಒಂದು, ಉಳಿದವುಗಳಿಗೆ ಆಜ್ಞೆ ಕೊಡುವ ಸಿಡಿ೪ ಇನ್ನೊಂದು. ವ್ಯವಸ್ಥೆಯಲ್ಲಿ ಕೊರತೆಯೇನೂ ತೋರುವುದಿಲ್ಲ.

ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ೨೦೦೫-೦೬ರಲ್ಲಿ ಜನಸಂಖ್ಯೆಯ ಮೂರನೆಯ ಒಂದು ಪಾಲಿಗೆ ಈ ಬೇನೆ ತಗಲಿತ್ತು. ಅಲ್ಲಿಯ ದೀರ್ಘರೋಗಿಗಳನ್ನು ಪರೀಕ್ಷಿಸಿ ಹೊಆರೊ ಮತ್ತು ಸಂಗಡಿಗರು ೨೦೧೦ರಲ್ಲಿ ಪ್ರಕಟಿಸಿದ ಲೇಖನದ ತಾತ್ಪರ್ಯವಿದು: ರಕ್ಷಣಕಣಗಳು ಬಲವಾಗಿಯೇ ಹೋರಾಡಿದ್ದರೂ ಉರಿಯೂತ ಉಳಿದಿತ್ತು. ಒಬ್ಬ ರೋಗಿಯ ಕೀಲಿನ ಒಳಪೊರೆಯನ್ನು ೧೮ ತಿಂಗಳ ಬಳಿಕ ತೆಗೆದು ನೋಡಿದಾಗ, ಅಲ್ಲಿಯ ಮಹಾಭಕ್ಷಕ ಕಣಗಳಲ್ಲಿ ವಿಷಾಣುವಿನ ಅವಶೇಷಗಳು ಕಂಡವು. ಕಸವನ್ನು ನುಂಗಿ ಕರಗಿಸಬೇಕಾದ ಕಣವೇ ವೈರಿಗೆ ಅಡಗುತಾಣವಾಗಿತ್ತು. ಅದೇ ವರ್ಷ ಮಂಗಗಳ ಮೇಲೆ ನಡೆದ ಪ್ರಯೋಗವೂ ರಕ್ತದಿಂದ ಮಾಯವಾದ ವಿಷಾಣುವು ಭಕ್ಷಕ ಕಣಗಳಲ್ಲಿ ತಿಂಗಳುಗಟ್ಟಲೆ ಉಳಿಯುವುದನ್ನು ತೋರಿಸಿತು.

ಆದರೆ ೨೦೧೮ರಲ್ಲಿ ಪ್ರಕಟವಾದ ಕೊಲಂಬಿಯದ ಅಧ್ಯಯನವು ಇದಕ್ಕೆ ವಿರುದ್ಧವಾಗಿದೆ. ಸೋಂಕು ತಗಲಿ ೨೨ ತಿಂಗಳು ಕಳೆದಿದ್ದ ೩೮ ರೋಗಿಗಳ ಕೀಲುರಸದಲ್ಲಿ ವಿಷಾಣು ಎಲ್ಲಿಯೂ ಸಿಗಲಿಲ್ಲ. ನೋವು ಮಾತ್ರ ಇತ್ತು. ಸಿಂಗಪುರದ ವಿಜ್ಞಾನಿಗಳು ೨೦೧೩ರಲ್ಲಿ ಸಿಡಿ೪ ಕಣಗಳಿಲ್ಲದ ಇಲಿಗಳಿಗೆ ಸೋಂಕು ತಗಲಿಸಿದಾಗ ಕೀಲಿನ ಬಾವು ಕಡಿಮೆಯಾದುದು ಕಂಡಿತು. ಹಾಗಾದರೆ ಕೀಲನ್ನು ಕೆಡಿಸುವುದರಲ್ಲಿ ವೈರಿಯ ಪಾಲಿನಷ್ಟೇ ಕಾವಲುಗಾರನ ಪಾಲೂ ಇದೆ. ಎರಡು ಪಕ್ಷಗಳನ್ನು ತೂಗಿ ನೋಡಿದರೆ, ಕೆಲವರಲ್ಲಿ ಅವಶೇಷವು ಉಳಿದು, ಹಲವರಲ್ಲಿ ಅವಶೇಷವೂ ಹೋಗಿ ಕಣಗಳ ಕೋಪ ಮಾತ್ರ ಉಳಿಯುತ್ತದೆ ಎಂಬುದು ಹೆಚ್ಚು ಸಂಭಾವ್ಯವಾಗಿ ತೋರುತ್ತದೆ. ಕೀಲುರಸವನ್ನು ನೋಡಿದ್ದು ಬೇರೆ, ಒಳಪೊರೆಯನ್ನು ನೋಡಿದ್ದು ಬೇರೆ ಎಂಬ ಭೇದವನ್ನೂ ಮರೆಯಲಾಗದು. ಪುಣೆಯ ಸಂಸ್ಥೆಯವರೂ ೨೦೧೫ರಲ್ಲಿ ಬೇನೆಯ ಆರಂಭಕಾಲದ ಸಂಹಾರಕ ಕಣಗಳನ್ನೂ, ೨೦೧೭ರಲ್ಲಿ ಕಾಳಗವನ್ನು ಹಿಡಿತದಲ್ಲಿಡುವ ನಿಯಂತ್ರಕ ಟಿ ಕಣಗಳನ್ನೂ ಕುರಿತು ಪ್ರಬಂಧಗಳನ್ನು ಪ್ರಕಟಿಸಿದರು.

ಬೆಲಸರದಲ್ಲಿ ಝೀಕಾದ ಸಲುವಾಗಿ ಕೆಲವು ತಿಂಗಳ ಕಾಲ ಗರ್ಭಧಾರಣೆಯನ್ನು ಮುಂದೂಡುವಂತೆ ದಂಪತಿಗಳಿಗೆ ಸಲಹೆ ಕೊಡಲಾಯಿತು. ಗಂಡಸರ ವೀರ್ಯದಲ್ಲಿ ಆ ವಿಷಾಣು ಜ್ವರ ಬಿಟ್ಟ ಮೇಲೆಯೂ ಉಳಿಯಬಲ್ಲುದೆಂಬುದೇ ಕಾರಣ. ಜ್ವರ ಇಳಿದ ದಿನವೇ ರೋಗ ಮುಗಿಯಲಿಲ್ಲವೆಂಬ ತತ್ತ್ವವನ್ನು ಆಡಳಿತವು ಹೀಗೆ ಒಂದರ ವಿಷಯದಲ್ಲಿ ಒಪ್ಪಿಕೊಂಡಿತ್ತು. ಉಳಿದ ೨೫ ಜನರ ಮಟ್ಟಿಗೆ ಇನ್ನೊಂದು ತೊಡಕಿದೆ. ಇತ್ತೀಚಿನ ಸೋಂಕನ್ನು ಸಾರುವ ಐಜಿಎಂ ಪ್ರತಿಕಾಯವು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಅಳಿಯುತ್ತದೆ. ವರ್ಷಗಟ್ಟಲೆ ನಿಲ್ಲುವ ಐಜಿಜಿಯು ಸೋಂಕು ತಗಲಿತ್ತೆಂದು ಹೇಳುತ್ತದೆಯೇ ಹೊರತು ಯಾವ ವರ್ಷವೆಂದು ಹೇಳಲಾರದು. ಹಲವು ತಿಂಗಳ ಮೇಲೆ ಮೊಣಕಾಲು ಹಿಡಿದುಕೊಂಡು ಸಾಸವಡದ ದವಾಖಾನೆಗೆ ಬರುವ ಒಕ್ಕಲಿಗನ ನೋವಿಗೆ ಆ ಜುಲೈಯ ಜ್ವರವೇ ಮೂಲವೆಂದು ಸಾಧಿಸಲು, ಅಂದು ಬರೆದುಕೊಟ್ಟ ಪರೀಕ್ಷೆಯ ಚೀಟಿಯೊಂದೇ ಕಾಲನಿರ್ಣಯದ ಲಿಖಿತ ಆಧಾರ.