ಮನೆಯ ದಾಖಲೆಗೆ ಎಷ್ಟು ಡಿಸ್ಕ್?

ಮೈಸೂರಿನಿಂದ ಊಟಿಯ ಕಡೆಗೆ ಹೊರಟವರಿಗೆ ನಂಜನಗೂಡು ದಾಟಿದ ಮೇಲೆ, ಗುಂಡ್ಲುಪೇಟೆಗೆ ಮುಂಚೆ ಬೇಗೂರು ಸಿಗುತ್ತದೆ. ಈ ತಾಲೂಕಿನ ಹಳ್ಳಿಗಳಲ್ಲಿದ್ದ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಸೇರಿಸಿ 1898ರಲ್ಲಿ ಪ್ರಕಟಿಸಿದರು. 1974ರಲ್ಲಿ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಅವುಗಳನ್ನು ಪರಿಷ್ಕರಿಸಿ ಮತ್ತೆ ಅಚ್ಚು ಹಾಕಿಸಿತು. ಕಲ್ಲು ಎಷ್ಟೇ ಗಟ್ಟಿಯಾಗಿದ್ದರೂ ಮಳೆಗೆ ಸವೆಯುತ್ತದೆ, ಒಡೆದು ಚಪ್ಪಡಿಯಾಗುತ್ತದೆ. ಅದರ ಮೇಲಿನ ಮಾತು ಮಾತ್ರ ಈಗ ಹಲವು ಊರುಗಳ ಗ್ರಂಥಾಲಯಗಳಲ್ಲಿ ಹಂಚಿಹೋಗಿದೆ.

ಇಂದಿನ ಮನೆಗಳ ದಾಖಲೆ ಕಲ್ಲಿನ ಮೇಲಿಲ್ಲ. ಮದುವೆಯ ವಿಡಿಯೊ, ಜಮೀನಿನ ಪತ್ರಗಳ ನಕಲು, ತೀರಿಕೊಂಡ ಅಜ್ಜನ ಧ್ವನಿ, ಎಲ್ಲವೂ ಅಂಗೈಯಗಲದ ಹಾರ್ಡ್ ಡಿಸ್ಕಿನೊಳಗೆ ಸೇರಿಕೊಂಡಿವೆ. ಅದು ಒಂದು ದಿನ ಸದ್ದಿಲ್ಲದೆ ನಿಂತುಹೋದರೆ ಮನೆಯ ಎರಡು ತಲೆಮಾರಿನ ನೆನಪು ಹೋದಂತೆಯೇ. ಈ ಭಯಕ್ಕೆ ಮದ್ದೆಂದು ಎರಡು, ನಾಲ್ಕು, ಎಂಟು ಡಿಸ್ಕುಗಳನ್ನು ಒಟ್ಟಿಗೆ ಕೂರಿಸುವ ಪೆಟ್ಟಿಗೆಗಳು ಅಂಗಡಿಯಲ್ಲಿ ಸಿಗುತ್ತವೆ. ಹಾಗಾದರೆ ಎಷ್ಟು ಡಿಸ್ಕ್ ಹಾಕಬೇಕು? ಹೆಚ್ಚು ಹಾಕಿದಷ್ಟೂ ಕ್ಷೇಮ ಎಂದು ಯಾರಿಗಾದರೂ ತೋಚುತ್ತದೆ. ಈ ವಿದ್ಯೆಯ ಚರಿತ್ರೆ ಹೇಳುವುದು ಬೇರೆ.

ಐಬಿಎಂ ಕಂಪೆನಿ 1956ರಲ್ಲಿ ಹೊರತಂದ ‘ರಾಮ್ಯಾಕ್’ ಯಂತ್ರದ ಡಿಸ್ಕ್ ಘಟಕದಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ಅವೆಲ್ಲ ಸೇರಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಈಗಿನ ಮೊಬೈಲಿನ ಒಂದೆರಡು ಫೋಟೊಗಳಿಗೆ ಸಾಕಾಗಬಹುದು! ಮುಂದೆ ಮೂರು ದಶಕ ದೊಡ್ಡ ಕಚೇರಿಗಳೆಲ್ಲ ಇಂಥ ದುಬಾರಿ ದೈತ್ಯಗಳನ್ನೇ ನಂಬಿದ್ದವು. ಅಷ್ಟರಲ್ಲಿ ಮೇಜಿನ ಮೇಲಿನ ಕಂಪ್ಯೂಟರಿಗೆಂದು ಸಣ್ಣ, ಅಗ್ಗದ ಡಿಸ್ಕುಗಳು ಬಂದವು. ಒಂದು ಆನೆಯ ಬದಲು ನೂರು ಕತ್ತೆಗಳ ಮೇಲೆ ಹೊರೆ ಹೇರಿದರಾಗದೆ ಎಂಬ ಪ್ರಶ್ನೆ ಹುಟ್ಟಿತು.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕ್ಯಾಟ್ಸ್ 1988ರ ತಮ್ಮ ಪ್ರಬಂಧದಲ್ಲಿ ಈ ಲೆಕ್ಕ ಹಾಕಿದರು. ಒಂದು ಸಣ್ಣ ಡಿಸ್ಕ್ ಸರಾಸರಿ 30,000 ಗಂಟೆ ಬಾಳುತ್ತದೆ ಎಂದುಕೊಳ್ಳಿ. ಅಂಥ ನೂರನ್ನು ಒಟ್ಟು ಸೇರಿಸಿದರೆ ಅವುಗಳಲ್ಲಿ ಯಾವುದಾದರೊಂದು ಕೆಡಲು ಸರಾಸರಿ 300 ಗಂಟೆ ಸಾಕು, ಅಂದರೆ ಎರಡು ವಾರಕ್ಕೂ ಕಡಿಮೆ. ಜಾತ್ರೆಯ ಹಳೆಯ ಸೀರಿಯಲ್ ಸೆಟ್ಟನ್ನು ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಒಂದು ಬಲ್ಬು ಹೋದರೆ ಇಡೀ ಸರ ಕತ್ತಲು; ಬಲ್ಬು ಹೆಚ್ಚಿದಷ್ಟೂ ಕತ್ತಲಾಗುವ ಸಂಭವವೂ ಹೆಚ್ಚು.

ಹಾಗೆಂದು ಅವರು ಸಣ್ಣ ಡಿಸ್ಕುಗಳನ್ನು ಕೈಬಿಡಲಿಲ್ಲ. ಕೆಲವನ್ನು ಕಾವಲಿಗೆ ಬಿಡಬೇಕೆಂದರು. ಇಂಥ ಕಾವಲಿನ ಉಪಾಯಕ್ಕೆ ಐಬಿಎಂನ ನಾರ್ಮನ್ ಕೆನ್ ಔಚಿ 1978ರಲ್ಲಿಯೇ ಪೇಟೆಂಟ್ ಪಡೆದಿದ್ದರು; ಬರ್ಕ್ಲಿಯವರು ಅಂಥ ಉಪಾಯಗಳನ್ನು ವರ್ಗೀಕರಿಸಿ ‘ರೇಡ್’ ಎಂದು ಹೆಸರಿಟ್ಟರು. ಉಪಾಯ ಸರಳ. ಮೂರು ಡಿಸ್ಕುಗಳಲ್ಲಿ 5, 8, 2 ಎಂಬ ಅಂಕಿಗಳಿವೆ ಎನ್ನಿ. ನಾಲ್ಕನೆಯದರಲ್ಲಿ ಅವುಗಳ ಮೊತ್ತ 15 ಬರೆದಿಡಿ. 8 ಇದ್ದ ಡಿಸ್ಕ್ ಸುಟ್ಟುಹೋದರೂ 15ರಲ್ಲಿ 5 ಮತ್ತು 2 ಕಳೆದರೆ ಅದು ಮರಳಿ ಸಿಗುತ್ತದೆ. ಕಂಪ್ಯೂಟರ್ ಮಾಡುವ ಕೂಡುವಿಕೆಯ ಬಗೆ ಬೇರೆಯಾದರೂ ತತ್ವ ಇದೇ.

ಇದನ್ನು ಮನೆಯ ಲೆಕ್ಕಕ್ಕೆ ಇಳಿಸಿದರೆ ಹೀಗೆ: ತಲಾ 4 ಟೆರಾಬೈಟಿನ ಎರಡು ಡಿಸ್ಕುಗಳಲ್ಲಿ ಒಂದು ಮತ್ತೊಂದರ ಪ್ರತಿಬಿಂಬವಾದರೆ ಸಿಗುವ ಜಾಗ 4. ನಾಲ್ಕು ಡಿಸ್ಕುಗಳಲ್ಲಿ ಒಂದರಷ್ಟು ಜಾಗ ಕಾವಲಿಗೆ ಹೋದರೆ 12, ಎರಡರಷ್ಟು ಹೋದರೆ 8. ಬಹಳ ಮಂದಿ 12ಕ್ಕೆ ಮನಸೋಲುತ್ತಾರೆ. ತೊಡಕು ಇರುವುದು ಅಲ್ಲಿಯೇ. ಒಂದು ಕೆಟ್ಟು ಹೊಸದನ್ನು ಹಾಕಿದಾಗ, ಕಳೆದುದನ್ನು ಮತ್ತೆ ಕಟ್ಟಲು ಉಳಿದ ಮೂರನ್ನೂ ಮೊದಲಿನಿಂದ ಕೊನೆಯವರೆಗೆ ಓದಬೇಕು. ಈಗಿನ ದೊಡ್ಡ ಡಿಸ್ಕುಗಳಲ್ಲಿ ಈ ಕೆಲಸಕ್ಕೆ ಹಲವು ಗಂಟೆಗಳು, ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡ ನಾಲ್ಕೂ ಒಂದೇ ವಯಸ್ಸಿನವು. ಅಣ್ಣ ಮಲಗಿದ ವಾರದಲ್ಲಿಯೇ ತಮ್ಮನೂ ಮಲಗಿದರೆ ಎಲ್ಲವೂ ಮಣ್ಣುಪಾಲು. ಆದುದರಿಂದಲೇ ಡಿಸ್ಕುಗಳು ಐದಾರು ದಾಟಿದರೆ ಎರಡನ್ನು ಕಾವಲಿಗೆ ಬಿಡುವುದು ಜಾಣತನ.

ಇಷ್ಟೆಲ್ಲ ಮಾಡಿದರೂ ಪೆಟ್ಟಿಗೆ ಒಂದೇ, ಮನೆಯೂ ಒಂದೇ. ಸಿಡಿಲು, ಕಳವು, ಮಗು ತಪ್ಪಿ ಒತ್ತಿದ ಅಳಿಸುವ ಗುಂಡಿ, ಇವಕ್ಕೆ ಕಾವಲು ಡಿಸ್ಕಿನ ಹಂಗಿಲ್ಲ. ಅಳಿಸಿದ್ದು ಪ್ರತಿಬಿಂಬದಲ್ಲಿಯೂ ಅಳಿಯುತ್ತದೆ. ಕಂಪ್ಯೂಟರಿನವರಿಗಿಂತ ಸಾವಿರ ವರ್ಷ ಮೊದಲೇ ಕನ್ನಡ ನಾಡು ಇದನ್ನು ಬಲ್ಲದಾಗಿತ್ತು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ಹಂಚಿದಳು. ಎಲ್ಲವನ್ನೂ ಒಂದೇ ಭಂಡಾರದಲ್ಲಿ ಜೋಡಿಸಿಟ್ಟಿದ್ದರೆ ಒಂದು ಬೆಂಕಿಗೆ ಸಾವಿರವೂ ಒಂದೇ ತುತ್ತು. ಇದಕ್ಕೆ ವಿರುದ್ಧವಾದ ಉದಾಹರಣೆ ಮೂಡುಬಿದಿರೆಯದು. ‘ಧವಲ’ ಮೊದಲಾದ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಅಲ್ಲಿ ಮಾತ್ರ ಉಳಿದಿದ್ದವು. ನಕಲು ಹೊರಬಂದು, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ‘ಧವಲ’ ಅಚ್ಚಾಗತೊಡಗಿದ್ದು 1939ರಲ್ಲಿ. ಅಷ್ಟು ಕಾಲ ಗೆದ್ದಲು ಕರುಣೆ ತೋರಿತ್ತೆನ್ನಬೇಕು.

ನಾಲ್ಕು ಡಿಸ್ಕುಗಳಿಗೆ ಹಣವಿರುವ ಬೇಗೂರಿನ ಮನೆಯೊಂದು ನಾಲ್ಕನ್ನೂ ಪೆಟ್ಟಿಗೆಗೆ ತುಂಬಬೇಕಾಗಿಲ್ಲ. ಎರಡು ಪೆಟ್ಟಿಗೆಯಲ್ಲಿ ಪ್ರತಿಬಿಂಬವಾಗಿರಲಿ. ಮೂರನೆಯದಕ್ಕೆ ತಿಂಗಳಿಗೊಮ್ಮೆ ನಕಲು ಇಳಿಸಿ, ತಂತಿ ಕಿತ್ತು ಬೀರುವಿನಲ್ಲಿಡಬಹುದು. ನಾಲ್ಕನೆಯದು ಮೈಸೂರಿನ ನೆಂಟರ ಮನೆಯಲ್ಲಿರಲಿ. ಹಬ್ಬಕ್ಕೆ ಹೋದಾಗ ಹೊಸ ನಕಲಿನ ಡಿಸ್ಕ್ ಕೊಟ್ಟು ಹಳೆಯದನ್ನು ತರುವುದು, ತಂದದ್ದನ್ನು ಒಮ್ಮೆ ತೆರೆದು ಓದಿ ನೋಡುವುದು.